ಕರಡಿಗೆಯ ಅಳತೆ

ರಬ್ಬರು ಬೇಯುವ ವಾಸನೆ ಮತ್ತೆ ಬಂತು, ಅಂದರೆ ಇನ್ನೊಂದು ಕೊಳವೆ ಕುದಿಯುತ್ತಿದೆ, ಅಂದರೆ ಮತ್ತೆ ಅವರ ಮೂಗಿಗೆ ಅದನ್ನು ತೂರಿಸುತ್ತಾರೆ, ಶಿವಗಂಗಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು, ಸೆರಗಿಗೂ ಅದೇ ವಾಸನೆ — ರಾಜಾಜಿನಗರದ ಈ ನರ್ಸಿಂಗ್ ಹೋಮಿಗೆ ಗಂಡನನ್ನು ತಂದು ಮಲಗಿಸಿದಾಗಿನಿಂದ ಕೂದಲಿಗೆ, ಬಳೆಗೆ, ಮನೆಯಿಂದ ತರುವ ಫ್ಲಾಸ್ಕಿನ ಮುಚ್ಚಳಕ್ಕೆ ಕೂಡ ಅದೇ. ಹಾಸಿಗೆಯ ಮೇಲೆ ಚನ್ನಮಲ್ಲಪ್ಪ, ಬಲಗೈ ಬಲಗಾಲು ಬಿದ್ದುಹೋದ, ಬಾಯಿ ಒಂದು ಪಕ್ಕಕ್ಕೆ ಜಾರಿದ ಚನ್ನಮಲ್ಲಪ್ಪ, ಬಟ್ಟೆ ಅಂಗಡಿಯ ಗಲ್ಲಾ ಪೆಟ್ಟಿಗೆಯ ಹಿಂದೆ ಕೂತರೆ ಎದುರಿನವನು ತಾನಾಗಿ ದನಿ ತಗ್ಗಿಸುತ್ತಿದ್ದ ಮನುಷ್ಯ, ಈಗ ಮಾತಿಲ್ಲ, ನುಂಗುವ ಶಕ್ತಿ ಅರೆಬರೆ, ನೀರು ಕೊಟ್ಟರೂ ಕೆಮ್ಮು ಗಂಜಿ ಕೊಟ್ಟರೂ ಕೆಮ್ಮು. ಬಾಯಿಂದ ಏನೂ ಕೊಡಬೇಡಿ ತಾಯಿ, ಶ್ವಾಸಕ್ಕೆ ಹೋದ್ರೆ ಕಷ್ಟ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ಹಾಲು ಬಿಡ್ತೀವಿ, ಅಂದಿದ್ದರು ಡಾಕ್ಟರ್ ಲಕ್ಷ್ಮೀಪತಿ. ಅವಳ ಕೈಯಡುಗೆ ಬಿಟ್ಟು ಇನ್ನೊಬ್ಬರ ಮನೆಯ ಒಂದು ಗುಟುಕು ಮಜ್ಜಿಗೆ ಮುಟ್ಟದಿದ್ದವರು, ಬೀಗರ ಮದುವೆಗೂ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದವರು — ಅದೊಂದೇ ತಾನೇ ಅವಳ ಆಸ್ತಿ, ಓರಗಿತ್ತಿಯರು ತಮ್ಮ ಮಕ್ಕಳ ತಲೆ ಸವರುತ್ತ ಬರಿದಾದ ಅವಳ ಮಡಿಲನ್ನು ನೋಡಿದಾಗಲೆಲ್ಲ ಒಳಗೊಳಗೇ ಎತ್ತಿ ಹಿಡಿಯುತ್ತಿದ್ದದ್ದು, ಅವರ ಹೊಟ್ಟೆಗೆ ನಾನು, ನಾನೊಬ್ಬಳೇ.

ಆಮೇಲೆ ಆ ನರ್ಸು ಬಂದಳು, ಪ್ರಭಾ, ಬಿನ್ನಿಪೇಟೆಯ ಲೈನು ಮನೆಯವಳು, ಅಪ್ಪ ಮಿಲ್ಲಿನ ಹತ್ತಿಯ ಧೂಳು ಕುಡಿದು ಕುಡಿದು ಸತ್ತನಂತೆ, ಇವಳಿಗೆ ಮಾತ್ರ ಎಲ್ಲಿಂದ ಬರುತ್ತದೋ ಆ ನಗು, ಬಂದವಳೇ ಚನ್ನಮಲ್ಲಪ್ಪನ ಕತ್ತಿನ ಕೆಳಗೆ ಕೈ ತೂರಿಸಿ ಗಲ್ಲವನ್ನು ಎದೆಯ ಕಡೆಗೆ ಬಾಗಿಸಿ ಕೊಳವೆಯ ತುದಿ ಮೂಗಿಗಿಟ್ಟು, ಅಪ್ಪಾಜಿ, ನುಂಗಿ, ಎಂಜಲು ನುಂಗೋ ಹಾಗೆ ನುಂಗಿ ಅಪ್ಪಾಜಿ, ಹಾ, ಇನ್ನೊಂದ್ಸಲ — ಅವರ ಗಂಟಲಮಣಿ ಮೇಲಕ್ಕೆದ್ದಿತು, ಇಳಿಯಿತು, ಕೊಳವೆ ಸರಸರನೆ ಒಳಗೆ ಹೋಯಿತು. ಅಪ್ಪಾಜಿ. ಮಕ್ಕಳಿಲ್ಲದ ಅವರ ಮನೆಯ ಗೋಡೆಗಳು ಕೇಳದಿದ್ದ ಮಾತು. ಅವರ ಎಡಗಣ್ಣಿನಲ್ಲಿ ನೀರು ಕೂತದ್ದನ್ನು ಅವಳು ಕಂಡಳು, ಮದುವೆಯಾದಾಗಿನಿಂದ ಕಂಡಿರದ ನೀರು. ಏನಮ್ಮ, ಯಜಮಾನ್ರೇ ಅನ್ನೋಕೆ ಬರಲ್ವ ನಿಂಗೆ, ಅಂತ ಶಿವಗಂಗಮ್ಮ ಕೇಳಿದರೆ, ಯಜಮಾನ್ರೇ ಅಂದ್ರೆ ನುಂಗಲ್ಲ ಕಣಮ್ಮಾ ಇವರು, ಅಪ್ಪಾಜಿ ಅಂದ್ರೇನೇ ನುಂಗೋದು, ಭಾರೀ ಕಿಲಾಡಿ! ಕಿಲಾಡಿಯಂತೆ. ಕಟ್ಟಿಕೊಂಡವಳು ರೀ ಅನ್ನುವುದಕ್ಕೂ ಹಿಂದೆ ಮುಂದೆ ನೋಡುತ್ತಿದ್ದಳು, ಇವಳು ಕಿಲಾಡಿ ಅಂತಾಳೆ, ಅವರ ಸೊಟ್ಟ ಬಾಯಿ ಅದಕ್ಕೂ ನಗುತ್ತದೆ. ನೋಡಲು ಬಂದ ನಾದಿನಿ ಕಲ್ಯಾಣಮ್ಮ ಕಿವಿಯ ಹತ್ತಿರ ಬಂದು, ಅತ್ತಿಗೆ, ಏನ್ ಜನ ಅಂತ ಕೇಳಿದ್ರಾ ಅವಳನ್ನ, ಕರಡಿಗೆ ಮುಟ್ಟಿ ಮುಟ್ಟಿ ಅಳೀತಾಳಲ್ರೀ, ಲಿಂಗ ಇರೋ ಕರಡಿಗೇನ! ಹೌದು, ಮುಟ್ಟುತ್ತಿದ್ದಳು. ಈ ನರ್ಸಿಂಗ್ ಹೋಮಿಗೆ ಬರುವವರೆಲ್ಲ ಬಹುಪಾಲು ಲಿಂಗ ಕಟ್ಟಿದವರೇ, ಮಲಗಿದರೆ ಶಿವದಾರದ ತುದಿಯ ಬೆಳ್ಳಿ ಕರಡಿಗೆ ಸರಿಯಾಗಿ ಎದೆಯ ಗುಳಿಯ ಮೇಲೇ ಕೂರುತ್ತದೆ, ಆದ್ದರಿಂದ ಹಿರಿಯ ನರ್ಸು ವಿಮಲಮ್ಮನ ಕಾಲದಿಂದ ಇಲ್ಲಿ ಕೊಳವೆ ಅಳೆಯುವುದು ಹಾಗೆಯೇ, ಮೂಗಿನಿಂದ ಕಿವಿ, ಕಿವಿಯಿಂದ ಕರಡಿಗೆ, ಅಲ್ಲಿಗೆ ಒಂದು ಪ್ಲಾಸ್ಟರ್ ಚೂರು ಅಂಟಿಸಿ ಅಷ್ಟನ್ನೂ ಒಳಗೆ ಬಿಡುವುದು. ಪ್ರಭಾಳೂ ಅದನ್ನೇ ಕಲಿತಿದ್ದಳು. ಅವಳ ಬೆರಳು ಕರಡಿಗೆಗೆ ತಗಲಿದಾಗಲೆಲ್ಲ ಶಿವಗಂಗಮ್ಮನ ಹೊಟ್ಟೆಯೊಳಗೆ ಕೆಂಡ — ಜಾತಿಗೆ ಉರಿಯಿತೋ, ಆ ನಗುವಿಗೋ, ಅಪ್ಪಾಜಿಗೋ, ಯಾವುದಕ್ಕೆ ಎಂದು ಕೇಳಿಕೊಳ್ಳಲೂ ಇಲ್ಲ, ಜಾತಿಗೇ ಅಂದುಕೊಂಡಳು, ಹಾಗಂದುಕೊಂಡರೆ ನಾಚಿಕೆಯಾಗುವುದಿಲ್ಲವಲ್ಲ, ಊರೆಲ್ಲ ಅದನ್ನೇ ಅನ್ನುತ್ತದೆ.

ಇವತ್ತು ಬೆಳಿಗ್ಗೆ ಅವರು ಎಡಗೈಯಲ್ಲಿ ಕೊಳವೆ ಕಿತ್ತುಕೊಂಡಿದ್ದರು, ಹೊಸದು ಹಾಕಬೇಕಿತ್ತು, ಮೈ ಒರೆಸುವಾಗ ಶಿವಗಂಗಮ್ಮ ಶಿವದಾರವನ್ನು ಮಡಿಸಿ ಗಂಟು ಹಾಕಿದಳು, ಬಿಗಿಯಾಗಿ, ಕರಡಿಗೆ ಕತ್ತಿನ ಕಡೆಗೆ ಏರಿ ಕೂತಿತು, ಮೇಲೆ ಪಂಚೆ ಹೊದಿಸಿದಳು, ಈಗ ಮುಟ್ಟು ನೋಡೋಣ. ಪ್ರಭಾ ಮುಟ್ಟಿದಳು. ಪಂಚೆಯ ಮೇಲಿಂದಲೇ ಕರಡಿಗೆ ತಡಕಿ ಅಲ್ಲಿಗೇ ಅಳೆದಳು, ಅಪ್ಪಾಜಿ ಅಂದಳು, ಗಂಟಲಮಣಿ ಎದ್ದಿತು, ಸಿರಿಂಜಿನಿಂದ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಗುಳುಗುಳು ಅಂತಿದೆ, ಸರಿಯಾಗಿದೆ, ಅಂದಳು, ಹಾಲು ಹುಯ್ದಳು — ಹೊಟ್ಟೆ ಮುಟ್ಟದ ಕೊಳವೆ, ಹಾಲು ಗಂಟಲಿಗೆ ಉಕ್ಕಿ ಬಂತು, ಕೆಮ್ಮು, ಉಸಿರು ಸಿಕ್ಕಿಕೊಂಡಿತು, ತುಟಿ ನೇರಳೆ ಹಣ್ಣಿನ ಬಣ್ಣ. ಡಾಕ್ಟರು ಓಡಿ ಬಂದು ಮಗ್ಗುಲಿಗೆ ಹೊರಳಿಸಿ ಕೊಳವೆ, ಹಾಲು ಎಲ್ಲ ಎಳೆದು ತೆಗೆದರು, ಉಸಿರು ಉಳಿಯಿತು. ಮಾಲೀಕ ಪಂಚಾಕ್ಷರಿ ಬಾಗಿಲಲ್ಲೇ ನಿಂತು ಪ್ರಭಾಳಿಗೆ, ನಾಳೆಯಿಂದ ಬರಬೇಡ, ಹೋಗು. ಸಾರ್, ಕರಡಿಗೆವರೆಗೂ ಅಳೀಬೇಕು ಅಂತ ಇಲ್ಲೇ ಹೇಳಿಕೊಟ್ಟಿದ್ದಲ್ವಾ ಸಾರ್. ಎದುರು ಮಾತಾಡ್ತೀಯಾ, ನಿಮ್ಮಂಥೋರನ್ನ ಒಳಗೆ ಬಿಟ್ಕೊಂಡಿದ್ದೇ ನನ್ ತಪ್ಪು! ಅವನ ತಲೆಯ ಮೇಲೆ ಬಸವಣ್ಣನ ಪಟ, ಪಟಕ್ಕೆ ಬೆಳಗಿನ ಮಲ್ಲಿಗೆ ಹಾರ, ಪಕ್ಕದಲ್ಲಿ ಸರ್ಕಾರದ ಬೋರ್ಡು, ಮಾತು ಕಡಿಮೆ ದುಡಿಮೆ ಹೆಚ್ಚು. ಪ್ರಭಾ ಟೋಪಿ ತೆಗೆದು ಮೇಜಿನ ಮೇಲಿಟ್ಟು ಹೋದಳು. ಶಿವಗಂಗಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಗಂಡ ಅಲ್ಲಿ ಅದೇ ಹಾಲಿನಿಂದ ಸಾಯಬೇಕಾಗಿದ್ದವರು, ಇವಳಿಗೆ ಸಂತೋಷ.

ಈಗ ವಿಮಲಮ್ಮ ಕುದಿಸಿದ ಕೊಳವೆ ಹಿಡಿದು ಬಂದಿದ್ದಾಳೆ, ನುಂಗಿ ಯಜಮಾನ್ರೇ ಅನ್ನುತ್ತಾಳೆ, ಗಂಟಲು ಕಲ್ಲು, ಕೆಮ್ಮು, ಕೊಳವೆ ಹೊರಗೆ, ಮತ್ತೆ ಒಳಗೆ, ಮತ್ತೆ ಕೆಮ್ಮು, ಶ್ವಾಸನಾಳದ ಕಡೆ ಹೋಗ್ತಿದೆ ನಿಲ್ಸಿ ನಿಲ್ಸಿ ಅನ್ನುತ್ತಾರೆ ಡಾಕ್ಟರು, ನುಂಗದೆ ಇದ್ರೆ ದಾರಿ ತಪ್ಪುತ್ತೆ, ನೀವು ಹೇಳಿ ನೋಡೀಮ್ಮ. ಅವಳು ಬಾಗಿದಳು, ರೀ, ನುಂಗ್ರೀ, ನಾನು ಹೇಳ್ತಿದೀನಿ, ನನ್ನಾಣೆ ನುಂಗ್ರೀ. ಅವರು ಕಣ್ಣು ಮುಚ್ಚಿಕೊಂಡರು. ಗಂಟಲಮಣಿ ಕದಲಲಿಲ್ಲ. ಡಾಕ್ಟರು ಬೆಳಗಿನ ಕೊಳವೆಯನ್ನು ಎತ್ತಿ ಹಿಡಿದು ತಮ್ಮಷ್ಟಕ್ಕೇ, ಪ್ಲಾಸ್ಟರ್ ಇಷ್ಟು ಮೇಲೆ ಯಾಕಿದೆ, ಆ ಹುಡುಗಿ ಯಾವತ್ತೂ ಹೀಗೆ ಮಾಡಿಲ್ವಲ್ಲ — ಆಗ ಅವಳ ಬಾಯಿಂದ ಅದು ಬಿದ್ದುಹೋಯಿತು, ದಾರ ಗಿಡ್ಡ ಮಾಡಿದ್ದು ನಾನು ಸಾರ್, ಅವಳು ಮುಟ್ಟಬಾರ್ದು ಅಂತ ಮಾಡ್ದೆ, ಅವಳನ್ನ ಕರೀರಿ. ಡಾಕ್ಟರಿಗೆ ಬೈಯುವುದಕ್ಕೂ ಹೊತ್ತಿರಲಿಲ್ಲ, ಇವತ್ತಿಂದ ಕರಡಿಗೆ ಲೆಕ್ಕ ಬೇಡ, ಯಾರಿಗೂ ಬೇಡ, ಎದೆ ಮೂಳೆ ಮುಗಿಯೋ ತುದೀನ ಬೆರಳಲ್ಲಿ ಹುಡುಕಿ ಅಳೀರಿ, ಗಾಳಿ ಶಬ್ದ ನಂಬ್ಕೊಂಡು ಹಾಲು ಬಿಡಬೇಡಿ, ಒಳಗಿನ ನೀರು ಎಳೆದು ನೀಲಿ ಲಿಟ್ಮಸ್ ಚೀಟಿಗೆ ಮುಟ್ಟಿಸಿ, ಕೆಂಪಾದ್ರೆ ಹೊಟ್ಟೆ. ಬಸ್‌ಸ್ಟಾಪಿನಿಂದ ಪ್ರಭಾಳನ್ನು ಕರೆತಂದರು, ಇವತ್ತೊಂದಿನ ಇರ್ಲಿ ಆಮೇಲೆ ನೋಡೋಣ ಅಂದ ಪಂಚಾಕ್ಷರಿ, ತಪ್ಪಾಯ್ತು ಅನ್ನುವ ಮಾತು ಅವನ ನಾಲಿಗೆಗೆ ಗೊತ್ತೇ ಇರಲಿಲ್ಲ. ಪ್ರಭಾ ನಗಲಿಲ್ಲ. ಕೈ ತೊಳೆದು ಬಂದು, ಕರಡಿಗೆ ನೀವೇ ಪಕ್ಕಕ್ಕೆ ಸರಿಸೀಮ್ಮ, ನಾನು ಮುಟ್ಟಲ್ಲ. ಅಷ್ಟೇ. ಶಿವಗಂಗಮ್ಮ ಗಂಟು ಬಿಚ್ಚಿದಳು, ತಾನೇ ಬಿಗಿದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ, ಕರಡಿಗೆಯನ್ನು ಅವರ ಭುಜದ ಮೇಲಿಟ್ಟಳು, ಬರಿಯ ಎದೆಯ ಮೇಲೆ ಆ ಹುಡುಗಿಯ ಬೆರಳು ಮೂಳೆಯ ತುದಿಯನ್ನು ಹುಡುಕಿತು, ಅಳೆಯಿತು, ಮೆಲ್ಲಗೆ, ಅಪ್ಪಾಜಿ — ಮುಚ್ಚಿದ್ದ ಕಣ್ಣು ತೆರೆಯಿತು, ಗಂಟಲಮಣಿ ಎದ್ದಿತು. ಸಿರಿಂಜಿನಲ್ಲಿ ಹುಳಿ ನೀರು ಬಂತು, ನೀಲಿ ಚೀಟಿ ಕೆಂಪಾಯಿತು, ಬದುಕಿದರು ಅನ್ನುವ ಹಾಗೆ ಡಾಕ್ಟರು ಉಸಿರು ಬಿಟ್ಟರು, ಪ್ರಭಾ ಹಾಲಿನ ಲೋಟವನ್ನು ಅವಳ ಕೈಗೇ ಕೊಟ್ಟಳು, ತಗೊಳ್ಳೀಮ್ಮ, ನೀವೇ ಹುಯ್ಯಿರಿ, ನಿಧಾನಕ್ಕೆ. ಅವಳ ಹಾಲು, ಅವಳ ಕೈ, ಅವರ ಹೊಟ್ಟೆ, ಬೇಕಾಗಿದ್ದದ್ದು ಇದೇ ತಾನೇ, ಹಾಲು ಇಳಿಯುತ್ತಿದೆ, ಕೊಳವೆಯಲ್ಲಿ ತಾನಾಗಿ ಇಳಿಯುತ್ತಿದೆ, ಈ ಹಾಲಿಗೆ ಅವರು ನುಂಗಬೇಕಾಗಿಯೇ ಇಲ್ಲ, ನುಂಗಿದ್ದು ಆಗಲೇ, ಆ ಒಂದು ಕರೆಗೆ, ಗಂಟಲಮಣಿ ಎದ್ದಿತ್ತು, ಇಳಿದಿತ್ತು, ಅವಳು ಹಾಲು ಹುಯ್ಯುತ್ತಲೇ ಇದ್ದಾಳೆ, ಅಲುಗದ ಗಂಟಲನ್ನೇ ನೋಡುತ್ತಿದ್ದಾಳೆ, ಕಣ್ಣಿಗೆ ಕಾಣುವುದು ಮಾತ್ರ ಅದೇ, ಏಳುತ್ತದೆ, ಇಳಿಯುತ್ತದೆ, ಏಳುತ್ತದೆ