ಗುಳ್ಳೆ ಮೇಲೆ ಬಂತಾ?

ಊರಿನವರ ಕಣ್ಣಿನ ದೋಷಗಳನ್ನೆಲ್ಲ ಪತ್ತೆ ಹಚ್ಚುವ ಕನ್ನಡಕದಂಗಡಿಯವನಿಗೆ ತನ್ನ ಕಣ್ಣಿಗೇ ಪೊರೆ ಬಂದದ್ದು ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಬಾಯಿ ಬಿಟ್ಟರೆ ಕಾರು ಕೈತಪ್ಪಿ ಹೋಗುತ್ತಿತ್ತು. ಮೊಳದುದ್ದದ, ರಿಮೋಟಿನಲ್ಲಿ ಓಡುವ ರೇಸ್ ಕಾರು ಅದು. ಓಡಿಸುವವಳು ಮಗಳು, ವಾರವಿಡೀ ಬಸ್ಸು ಓಡಿಸಿ ದಣಿದವಳು ರಜೆಯ ದಿನ ಈ ಪುಟಾಣಿಯನ್ನು ಮಣ್ಣಿನ ಟ್ರ್ಯಾಕಿನಲ್ಲಿ ಹಾರಿಸುತ್ತಿದ್ದಳು. ಬಿಚ್ಚಿ ಜೋಡಿಸುವವನು ಅಪ್ಪ. ಬೇರೆ ಮನೆ ಮಾಡಿಕೊಂಡ ಮೇಲೂ ಅವಳು ತಪ್ಪದೆ ಬರುವುದು ಈ ಒಂದು ಕೆಲಸಕ್ಕೇ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಈ ಕಾರುಗಳ ರೇಸ್ ಕ್ಲಬ್ಬಿನಲ್ಲಿ ‘ಸ್ಪ್ಯಾನರ್’ ಎಂದು ಹೆಸರಾದ ಮೆಕ್ಯಾನಿಕ್ಕೊಬ್ಬ ಆಗಲೇ ಆ ಕಾರಿನ ಮೇಲೆ ಕಣ್ಣು ಹಾಕಿ ಕೂತಿದ್ದ.

ಹೋದ ರೇಸಿನ ತಿರುವಿನಲ್ಲಿ ಕಾರು ಬುಗುರಿಯಂತೆ ಗಿರಕಿ ಹೊಡೆದಿತ್ತು. ಡಿಫರೆನ್ಷಿಯಲ್ ಬಿಚ್ಚದೆ ಗತಿಯಿರಲಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಬೇಕು, ಒಳಗಿನದು ಕಡಿಮೆ. ಆ ಎರಡರ ಜಗಳ ಬಗೆಹರಿಸುವ ಗೇರುಗಳ ಡಬ್ಬಿ ಅದು. ಮುಂದೊಂದು, ಹಿಂದೊಂದು. ಒಳಗೆ ತುಂಬಿದ ಎಣ್ಣೆ ಮಂದವಾದಷ್ಟೂ ಚಕ್ರಗಳ ಸ್ವೇಚ್ಛೆ ಕಡಿಮೆ. ಈ ಕಾರಿಗೆ ಮುಂದೆ ಮಂದ ಎಣ್ಣೆ, ಹಿಂದೆ ತೆಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಗಳ ಎದುರಿಗೇ, ಅವನು ಹಿಂಬದಿಯ ಡಬ್ಬಿ ತೆರೆದ. ಎಣ್ಣೆ ಮಸಿಯಾಗಿತ್ತು. ಸವೆದ ಗೇರುಗಳನ್ನು ತೆಗೆದು ಹೊಸ ಉಕ್ಕಿನವನ್ನು ಕೂರಿಸಿದ. ಹೊಸ ಎಣ್ಣೆಯ ಬಾಟಲಿಯ ಮೇಲೆ ಅದೆಷ್ಟು ಮಂದವೆಂದು ಹೇಳುವ ಅಂಕಿ ಮಂಜು ಮಂಜು. ಮೂಗಿನ ಹತ್ತಿರ ಹಿಡಿದು ತಲೆಕೆಳಗು ಮಾಡಿ, ಗುಳ್ಳೆ ಸರಕ್ಕನೆ ಏರಿದ್ದನ್ನು ನೋಡಿ ಇದೇ ತೆಳು ಎಂದು ತೀರ್ಮಾನಿಸಿ ಡಬ್ಬಿಗೆ ತುಂಬಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಬೇಕಾದ ಕೆಲಸವನ್ನು ಬೆರಳುಗಳಿಗೆ ಒಪ್ಪಿಸಿ, ಮುಚ್ಚಳ ಬಿಗಿದು, ಡಬ್ಬಿಯನ್ನು ಕಾರಿಗೆ ಸೇರಿಸಿದ.

ಮಗಳು ಕಾರನ್ನು ನೆಲಕ್ಕಿಟ್ಟು ರಿಮೋಟ್ ಒತ್ತಿದಳು. ಮುಂದಿನ ಚಕ್ರಗಳು ಮುಂದಕ್ಕೆ ಎಳೆದವು, ಹಿಂದಿನವು ಹಿಂದಕ್ಕೆ. ಕಾರು ನಿಂತಲ್ಲೇ ಗಡಗಡ ನಡುಗಿತು.

ಅವನಿಗೆ ಕೂಡಲೇ ಅರ್ಥವಾಯಿತು. ಡಬ್ಬಿಯನ್ನು ಎಡಬಲ ಅದಲುಬದಲಾಗಿ ಕೂರಿಸಿದ್ದ; ಬಲಕ್ಕಿರಬೇಕಾದ ದೊಡ್ಡ ಗೇರು ಎಡಕ್ಕಿತ್ತು. ಹೊಸಬರ ತಪ್ಪು. ಹೀಗೆ ಮಾಡಿದವರನ್ನು ಕ್ಲಬ್ಬಿನಲ್ಲಿ ಆಡಿಕೊಂಡು ನಗುವವರಲ್ಲಿ ಅವನೇ ಮೊದಲಿಗ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಅಪ್ಪಾ, ಕಣ್ಣು ಕಾಣಿಸ್ತಿಲ್ವಾ ನಿಂಗೆ?”

“ಕಣ್ಣಿಗೇನಾಗಿದೆ ದಾಡಿ? ನೀನು ಮಾತಾಡಿಸ್ತಾ ಇದ್ದೆ, ಗಮನ ತಪ್ತು.”

“ನಾನು ತುಟಿ ಪಿಟಕ್ ಅಂದಿಲ್ಲ. ಬಾ ಇಲ್ಲಿ, ಕೂತ್ಕೋ.”

ಅದೇ ಕೋಣೆಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಎದುರು ಗೋಡೆಯ ಅಕ್ಷರಗಳ ಬೋರ್ಡು ತೋರಿಸಿದಳು. ಅವನು ದೊಡ್ಡಕ್ಷರದಿಂದ ಇರುವೆಗಾತ್ರದ ಅಕ್ಷರದವರೆಗೆ ನೀರು ಕುಡಿದಷ್ಟು ಸಲೀಸಾಗಿ ಓದಿದ.

“ಸಾಕಾ? ಕೆಳಗಿಂದ ಮೇಲಕ್ಕೂ ಹೇಳ್ಲಾ?”

“ಬಾಯಿಪಾಠ ಬೇಡ,” ಎಂದು ಮಗಳು ಬೋರ್ಡಿಗೆ ಅಡ್ಡ ನಿಂತು, ಮೇಜಿನ ಮೇಲಿದ್ದ ಇನ್ನೊಂದು ಎಣ್ಣೆ ಬಾಟಲಿ ಎತ್ತಿ ಹಿಡಿದಳು. “ಇದನ್ನ ಓದು.”

ಅವಳ ಕೈ ಎಲ್ಲಿ ಮುಗಿದು ಬಾಟಲಿ ಎಲ್ಲಿ ಶುರುವಾಗುತ್ತದೆಂದೇ ಅವನಿಗೆ ತಿಳಿಯಲಿಲ್ಲ. ಕಾರು ಸ್ಪ್ಯಾನರ್‌ನ ಮೇಜಿಗೆ ಹೋಯಿತು, ಅದರ ಹಿಂದೆಯೇ ಮಗಳೂ ಹೋದಳು ಎಂದುಕೊಂಡ. ಹೆದರಿಕೆಯಾಯಿತು.

“ಕಾಣಿಸ್ತಿಲ್ಲ,” ಎಂದ.

“ಆಪರೇಷನ್ ಮಾಡಿಸೋಣ. ಬೇಡ ಅನ್ನಂಗಿಲ್ಲ.” ಅವಳು ಬಾಟಲಿ ಕೆಳಗಿಳಿಸಲಿಲ್ಲ. “ಮತ್ತೆ ಇಷ್ಟು ದಿನ ಎಣ್ಣೆ ಹೇಗೆ ಗುರುತು ಹಿಡೀತಿದ್ದೆ?”

“ತಲೆಕೆಳಗೆ ಮಾಡಿದ್ರೆ ಗುಳ್ಳೆನೇ ಹೇಳುತ್ತೆ.”

ಅಂಕಿ ಅವಳ ಕಣ್ಣೆದುರಿಗೇ ಇತ್ತು, ಓದಿದ್ದರೆ ಮುಗಿಯುತ್ತಿತ್ತು. ಅವಳು ಓದಲಿಲ್ಲ. ಬಾಟಲಿಯನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದಳು.

“ಗುಳ್ಳೆ ಮೇಲೆ ಬಂತಾ?” ಅವನು ಕೇಳಿದ.

“ಇನ್ನೂ ಇಲ್ಲಪ್ಪ. ತೆವಳ್ತಾ ಇದೆ.”

“ಹಾಗಾದ್ರೆ ಮಂದದ್ದು. ಮುಂದಿನ ಡಬ್ಬಿಗೆ ಅದೇ.”

ಮಗಳು ಮೇಜಿನ ಹತ್ತಿರ, ಅವನ ಸ್ಟೂಲಿನ ಪಕ್ಕಕ್ಕೆ, ಇನ್ನೊಂದು ಸ್ಟೂಲು ಎಳೆದು ಹಾಕಿದಳು.