ಹನ್ನೊಂದನೆಯ ಸಾಲು

ಪರದೆಯ ಮೇಲಿನ ಹಸಿರು ಪಟ್ಟಿ ಕೊನೆಯವರೆಗೂ ಹೋಯಿತು, ಎಲ್ಲೂ ನಿಲ್ಲಲಿಲ್ಲ, ಕೆಂಪು ಅಕ್ಷರದ ಬೈಗುಳ ಬರಲಿಲ್ಲ — ತಡಿ, ಈಗಲೇ ಉಸಿರು ಬಿಡಬೇಡ, ಪಿಡಿಎಫ್ ತೆರೆಯಲಿ ಮೊದಲು, ಇಪ್ಪತ್ತು ಸಲ ಹೀಗೇ ಆಸೆ ತೋರಿಸಿ ಕೈಕೊಟ್ಟಿದೆ, ನೂರಾ ಎಂಬತ್ತು ಪುಟದ ಪ್ರಬಂಧ, ಆರು ವರ್ಷ ಸೇತುವೆಗಳ ನಡುಕ ಅಳೆದದ್ದು, ಇದನ್ನು ಒಪ್ಪಿಸಬೇಕಾದ ಕಚೇರಿಯ ಬಾಗಿಲು ಐದಕ್ಕೆ ಹಾಕುತ್ತಾರೆ, ಈಗ ಎರಡೂಕಾಲು, ಸೂತ್ರಗಳೆಲ್ಲ ಸರಿ, ಚಿತ್ರಗಳೆಲ್ಲ ಸರಿ, ಕೆಟ್ಟದ್ದು ಅರ್ಪಣೆಯ ಪುಟ ಒಂದೇ, ಅಲ್ಲಿ ನಾನು ಕನ್ನಡದಲ್ಲಿ ಬರೆದದ್ದು ಒಂದೇ ಪದ, ಅಮ್ಮನಿಗೆ, ಅದು ಬರುತ್ತಿದ್ದದ್ದು ಅಮ್‌ಮನಿಗೆ ಎಂದು, ಒತ್ತಕ್ಷರ ಕೆಳಗಿಳಿಯದೆ ಮುನಿಸಿಕೊಂಡು ಪಕ್ಕಕ್ಕೆ ನಿಂತ ಹಾಗೆ, ಬಿಟ್ಟುಬಿಡೆ, ಇಂಗ್ಲಿಷಲ್ಲೇ ಹಾಕು, ಆ ಪುಟಾನ ಯಾರು ಓದ್ತಾರೆ ಎಂದಳು ಪಕ್ಕದ ಮೇಜಿನ ಗೆಳತಿ — ಓದುವವಳು ಒಬ್ಬಳಿದ್ದಾಳಲ್ಲ, ಮೂವತ್ತು ವರ್ಷ ಅಚ್ಚುಕೂಟದಲ್ಲಿ ನಿಂತೇ ಸೀಸದ ಅಚ್ಚುಮೊಳೆ ಜೋಡಿಸಿದವಳು, ಯಾರ್ಯಾರದೋ ಪುಸ್ತಕಗಳಿಗೆ ಒಂದೊಂದು ಒತ್ತನ್ನೂ ಆರಿಸಿ ಕೂರಿಸಿದವಳು, ಅವಳಿಗೆಂದೇ ಬರೆದ ಒಂದು ಪದದಲ್ಲಿ ಒತ್ತು ಬಿದ್ದುಹೋದರೆ ಯಾವ ಮುಖ ಹೊತ್ತು ಮನೆಗೆ ಹೋಗಲಿ, ತಪ್ಪೆಲ್ಲ ಪ್ರೀಆಂಬಲ್‌ನದು, ಪುಟ ಜೋಡಿಸಿಕೊಡುವ ಲೇಟೆಕ್ ಎಡಿಟರಿನ ಸೆಟ್ಟಿಂಗ್ಸ್ ಒಳಗೆ ಅಡಗಿರುವ ಆ ಬಿಳಿ ಚೌಕ, ಮೊದಲ ಪುಟಕ್ಕೂ ಮೊದಲೇ ಅಂಚು ಎಷ್ಟು, ಫಾಂಟ್ ಯಾವುದು ಎಂದು ಇಡೀ ಪುಸ್ತಕಕ್ಕೆ ಹೇಳಿಕೊಡುವ ಜಾಗ, ಅಲ್ಲಿ ಇನ್ನೂರು ಸಾಲು, ನಮ್ಮ ಗೈಡ್ ಕಾಲದವು, ಪ್ರಯೋಗಾಲಯದವರೆಲ್ಲ ನಕಲು ಮಾಡಿಕೊಂಡವು, ಯಾವ ಸಾಲು ಯಾಕಿದೆ ಎಂದು ಒಬ್ಬರಿಗೂ ಗೊತ್ತಿಲ್ಲ, ಮುಟ್ಟಲು ಎಲ್ಲರಿಗೂ ಹೆದರಿಕೆ, ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಅವರನ್ನೇ ಕೇಳಿದೆ, ಸರ್, ಹಳೇ ಸಾಲುಗಳನ್ನ ತೆಗೀಲಾ, ಅವರು ಕನ್ನಡಕ ಹಣೆಗೇರಿಸಿ ನಕ್ಕರು, ತೆಗಿಯಮ್ಮ, ನಾನೂ ನನ್ನ ಗುರುಗಳ ಹತ್ರ ಕದ್ದಿದ್ದೇ ಅದು, ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೋತೀಯಾ — ಇಷ್ಟು ವರ್ಷ ಹೆದರಿದ್ದು ಈ ಮನುಷ್ಯನಿಗಾ, ಇನ್ನೂರನ್ನೂ ಒಟ್ಟಿಗೆ ಅಳಿಸಿದೆ, ಚೌಕ ಖಾಲಿ, ಆಮೇಲೆ ನನ್ನವೇ ಸಾಲುಗಳು, ಒಂದು ಹಾಕುವುದು, ಓಡಿಸಿ ನೋಡುವುದು, ಇನ್ನೊಂದು ಹಾಕುವುದು, ಹನ್ನೊಂದನೆಯದು, ಇದು ಕನ್ನಡ ಲಿಪಿ, ಅಕ್ಷರಗಳನ್ನು ಬಿಡಿಬಿಡಿಯಾಗಿ ಇಡಬೇಡ ಎಂದು ಹೇಳುವ ಸಾಲು, ಪಿಡಿಎಫ್ ತೆರೆಯಿತು, ಮೂರನೆಯ ಪುಟ, ಅಮ್ಮನಿಗೆ, ಕೂತಿದೆ, ದೊಡ್ಡ ಅಕ್ಷರದ ಕೆಳಗೆ ಪುಟ್ಟದು ತೆಪ್ಪಗೆ ಕೂತಿದೆ, ಎದೆಯ ಮೇಲಿನ ಕಲ್ಲು ಇಳಿಯಿತು, ಒಬ್ಬಳೇ ನಗುತ್ತಿದ್ದೇನೆ, ಗೆಳತಿ ತಿರುಗಿ ನೋಡುತ್ತಾಳೆ, ನೋಡಲಿ — ಆಮೇಲಿನದೆಲ್ಲ ನೀರು ಹರಿದ ಹಾಗೆ, ಮುದ್ರಣ, ಹೊಲಿಗೆ, ನಾಲ್ಕೂವರೆಗೆ ಕಚೇರಿ, ಗುಮಾಸ್ತರು ಸ್ಕೇಲು ಇಟ್ಟು ಅಂಚು ಅಳೆದರು, ಸರಿಯಿದೆ ಎಂದು ಮೊಹರು ಒತ್ತಿದರು, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಇಳಿಯಬೇಕಾದ ನಿಲ್ದಾಣವನ್ನೇ ದಾಟಿಬಿಟ್ಟೆ, ಪರವಾಗಿಲ್ಲ, ನಡೆದೇ ಬಂದೆ, ಈಗ ನನ್ನ ಪ್ರತಿ ಅಮ್ಮನ ಕೈಯಲ್ಲಿ, ಕಿಟಕಿಯ ಬೆಳಕಿಗೆ ಹಿಡಿದಿದ್ದಾಳೆ, ಕಣ್ಣಿಗಿಂತ ಮೊದಲು ಬೆರಳು ಹೋಗುತ್ತದೆ, ಸೀಸ ಮುಟ್ಟಿ ಮುಟ್ಟಿ ಗೆರೆಗಳೇ ಅಳಿಸಿಹೋದ ತೋರುಬೆರಳು, ಯಾರು ಜೋಡಿಸಿದ್ದು ಇದನ್ನ, ನಾನೇ ಅಮ್ಮ, ಒತ್ತು ಚೆನ್ನಾಗಿ ಕೂತಿದೆ ಎಂದಳು, ಅಷ್ಟೇ, ಪುಟ ತಿರುಗಿಸುತ್ತಿಲ್ಲ, ಬೆರಳು ಮತ್ತೆ ಮೊದಲಿಂದ, ಅ, ಮ್ಮ, ಅಲ್ಲಿಂದ ಮುಂದೆ ಹೋಗುತ್ತಿಲ್ಲ, ಮ್ಮ, ಆ ಬೆರಳು, ಒತ್ತಿನ ಕೆಳಗೆ ಆ ಬೆರಳು