ಮೂರು ಕೆಂಪು ದಾರ

ಮದುವೆಯಾಗಿ ಊರಿನ ಆಚೆ ತುದಿಗೆ ಹೋದ ಮೇಲೆ ತಂಗಿ ತಾನಾಗಿ ಏನನ್ನೂ ಕೇಳಿದವಳಲ್ಲ. ಅಂಥವಳು ಫೋನು ಮಾಡಿ, "ಅಕ್ಕಾ, ಪಾಪುಗೆ ಒಂದು ಹೊದಿಕೆ ಹೊಲಿದು ಕೊಡ್ತೀಯಾ?" ಎಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದಿನಿಂದ ಎದ್ದೇ ನಿಂತುಬಿಟ್ಟಳು. ತಾಯಿ ಹೋದ ಮೇಲೆ ಈ ತಂಗಿಗೆ ತಲೆ ಬಾಚಿ, ಉಣ್ಣಿಸಿ, ಬೆಳೆಸಿದವಳು ಅವಳೇ. ಈಗ ಇಬ್ಬರ ನಡುವೆ ಉಳಿದದ್ದು "ಊಟ ಆಯ್ತಾ", "ಆಯ್ತು" ಅಷ್ಟೇ. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು.

"ಹೊಸ ಬಟ್ಟೆ ಬೇಡ ಮತ್ತೆ, ಮರುಬಳಕೆದೇ ಆಗ್ಬೇಕು. ನಾವೀಗ ಹೊಸದೇನೂ ತರ್ತಿಲ್ಲ, ಭೂಮಿಗೆ ಭಾರ ಅಂತ."

"ನಿನಗಿಂತ ಭಾರಾನೇನೇ?"

ತಂಗಿ ನಕ್ಕಳು. ಅಕ್ಕನೂ ನಕ್ಕಳು. ಹೀಗೆ ನಕ್ಕದ್ದು ತಂಗಿ ಬಸಿರಿದ್ದಾಗಲೇ ಕೊನೆ. ಆಗ ಅಕ್ಕ ಅವಳಿಗೊಂದು ತೆಳುನೀಲಿ ಹತ್ತಿಯ ನಿಲುವಂಗಿ ಹೊಲಿದು ಕಳಿಸಿದ್ದಳು. ಹೊಟ್ಟೆಯ ಮೇಲೆ ಮೂರು ಮಡಿಕೆ. ಒಂದೊಂದಕ್ಕೂ ಕೆಂಪು ದಾರದ ಕಚ್ಚಾ ಹೊಲಿಗೆ. ಹೊಟ್ಟೆ ಬೆಳೆದಂತೆ ಒಂದೊಂದೇ ದಾರ ಎಳೆದು ಮಡಿಕೆ ಬಿಡಿಸಿಕೊಳ್ಳಬೇಕು. "ಮೂರನೇದೂ ಎಳೆದೆ ಅಕ್ಕಾ, ಆನೆ ಆಗಿದ್ದೀನಿ" ಎಂದು ತಂಗಿ ಫೋನಿನಲ್ಲಿ ಹೇಳಿದ್ದ ದಿನ ಅಕ್ಕ ಇಡೀ ಹೊತ್ತು ಗುನುಗುತ್ತ ಕೆಲಸ ಮಾಡಿದ್ದಳು.

ಬಟ್ಟೆಯಂಗಡಿಯವನು ಹಸಿರೆಲೆಯ ಚೀಟಿ ಅಂಟಿಸಿದ ಥಾನು ಬಿಚ್ಚಿದ. "ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡಿದ್ದಮ್ಮಾ. ಮರುಬಳಕೆ ಅಂದ್ರೆ ಇದೇ."

"ಮಗು ಬೆವರಿದ್ರೆ ಹೀರ್ಕೊಳ್ಳುತ್ತಾ?"

"ಬಾಟಲಿ ಎಲ್ಲಾದ್ರೂ ನೀರು ಹೀರುತ್ತಾ?" ಎಂದು ತನ್ನ ಮಾತಿಗೆ ತಾನೇ ನಕ್ಕ. ಅವಳ ಮುಖ ನೋಡಿ, "ಹತ್ತೀನೇ ಬೇಕಂದ್ರೆ ಹಳೇಬಟ್ಟೆ ಗೋದಾಮಿಗೆ ಹೋಗಿ" ಎಂದ.

ಗೋದಾಮಿನಲ್ಲಿ ಬಟ್ಟೆಯ ಗುಡ್ಡಗಳು ಸೂರು ಮುಟ್ಟುತ್ತಿದ್ದವು. ಯಾರ್‍ಯಾರದೋ ಮೈಯ ವಾಸನೆಗಳೆಲ್ಲ ಬೆರೆತು ಒಂದೇ ವಾಸನೆಯಾಗಿತ್ತು. ಬಾಗಿಲ ಬೆಳಕಿನಲ್ಲಿ ಕೂತು ಗುಂಡಿ ಕತ್ತರಿಸುತ್ತಿದ್ದ ಹೆಂಗಸನ್ನು ಎಲ್ಲರೂ ಗುಂಡಿಯಮ್ಮ ಅನ್ನುತ್ತಿದ್ದರು.

"ಮಗುವಿಗಾ? ಹಾಗಾದ್ರೆ ತಾಳು, ಒಂದು ತೆಗೆದಿಟ್ಟಿದೀನಿ" ಎಂದು ಗುಂಡಿಯಮ್ಮ ಪಕ್ಕದ ಗಂಟಿನಿಂದ ಏನನ್ನೋ ಎಳೆದು ಅಕ್ಕನ ಮಡಿಲಿಗೆ ಹಾಕಿದಳು. "ಹತ್ತಿ. ಒಂದು ಸಲಾನೂ ಮೈಗೆ ಹಾಕಿಲ್ಲ. ಯಾವ ಪುಣ್ಯಾತ್ಗಿತ್ತೀನೋ!"

ಅಕ್ಕನ ಬೆರಳುಗಳಿಗೆ ಮೊದಲು ಗೊತ್ತಾಯಿತು. ಕತ್ತಿನ ಪಟ್ಟಿಯ ಒಳಗೆ ಅವಳೇ ಮಡಚಿದ ಅಂಚು. ಕೆಳಗೆ ಮೂರು ಮಡಿಕೆ. ಮೂರೂ ಕೆಂಪು ದಾರ ಹಾಕಿದ ಹಾಗೇ ಇದ್ದವು.

"ಕೈ ನೋಡು, ಎಷ್ಟು ಚೊಕ್ಕ. ಹೊಲಿದೋಳು ನೋಡಿದ್ರೆ ಎದೆ ಒಡ್ಕೋತಾಳೆ, ಅಲ್ವಾ?"

"ಹೂಂ" ಎಂದಳು ಅಕ್ಕ.

ಮನೆ ತಲುಪುವಷ್ಟರಲ್ಲಿ ತಂಗಿಯ ಫೋನು. "ಬಟ್ಟೆ ಸಿಕ್ತಾ ಅಕ್ಕಾ?"

"ಸಿಕ್ತು. ನೀಲಿ. ಗೋದಾಮಿನಲ್ಲಿ."

ಕೇಳಬಹುದಿತ್ತು. ಕೇಳಿದರೆ ತಂಗಿ ಏನಾದರೊಂದು ಹೇಳುತ್ತಿದ್ದಳು, ಆಮೇಲೆ "ಊಟ ಆಯ್ತಾ" ಕೂಡ ಇರುತ್ತಿರಲಿಲ್ಲ. ಅಕ್ಕ ಕಾದಳು. ನೀಲಿ ಎಂಬ ಮಾತು ಅಲ್ಲಿ ಏನನ್ನಾದರೂ ಎಬ್ಬಿಸೀತೇ ಎಂದು.

"ಚೆನ್ನಾಗಿ ತೊಳಿ ಅಕ್ಕಾ. ಯಾರು ಹಾಕಿದ್ದೋ ಏನೋ."

"ತೊಳೀತೀನಿ."

ತೊಳೆದು ಒಣಗಿಸಿದ ಮೇಲೆ ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ದಾರ ಎಳೆದಳು. ಸಲೀಸಾಗಿ ಬಂದವು, ಹಾಗೆ ಬರಲೆಂದೇ ಹಾಕಿದ್ದವು. ಮಡಿಕೆಗಳು ಬಿಚ್ಚಿಕೊಂಡು, ಇಲ್ಲದ ಹೊಟ್ಟೆಯ ಸುತ್ತ ಬಟ್ಟೆ ಅಗಲವಾಗಿ ಬಿತ್ತು. ಕತ್ತರಿ ಹಾಕಿದಳು.

ಹೊದಿಕೆಯ ಅಂಚಿಗೆ ಯಾವ ದಾರವೆಂದು ಡಬ್ಬಿಯಲ್ಲಿ ಬಹಳ ಹೊತ್ತು ಹುಡುಕಿದಳು. ಕೆಂಪನ್ನು ಬದಿಗೆ ಸರಿಸಿದಳು. ಅಂಚಿನ ಒಳಮಡಿಕೆಯನ್ನೂ ತನ್ನ ರೀತಿಯಲ್ಲಿ ಮಡಚಲಿಲ್ಲ. ಯಾರು ಬೇಕಾದರೂ ಹೊಲಿದಿರಬಹುದಾದ ನೇರ ಹೊಲಿಗೆ, ಬಿಳಿ ದಾರ. ಮತ್ತೊಮ್ಮೆ ಗೋದಾಮಿನಲ್ಲಿ ಕೈಗೆ ಸಿಕ್ಕರೂ ತನಗೆ ಗುರುತು ಹತ್ತಬಾರದು.